ಚರಗದ ಬುತ್ತಿಯಲ್ಲಿ ಬಿಟಿ ಎಲ್ಲಿದೆ?

ಅಕ್ಕಲಕೋಟ: ಎಳ್ಳ ಅಮಾಸಿ ದಿನ ಗಡಿಭಾಗದ ಹೊಲಗಳಿಗೆ ಹೋಗುವ ಬುತ್ತಿಯನ್ನು ಒಮ್ಮೆ ಬಿಚ್ಚಿ ನೋಡಬೇಕು. ಸಜ್ಜಿ ರೊಟ್ಟಿ, ಜೋಳದ ಕಡಬು, ಎಣಗಾಯಿ, ಕಾಳುಪಲ್ಯ, ಶೇಂಗಾ ಹೋಳಿಗೆ, ಮೇಲೊಂದು ಗಡಿಗೆ ಗಟ್ಟಿ ಮೊಸರು. ಪೂಜೆ ಮುಗಿಸಿ, ಚರಗ ಚೆಲ್ಲಿ, ಗಿಡದ ನೆರಳಿಗೆ ಊಟಕ್ಕೆ ಕೂತಾಗ 'ಇದರಾಗ ಬಿಟಿ ಯಾವುದು?' ಎಂದು ಯಾರಾದರೂ ಕೇಳಿದರೆ ಎಲ್ಲರ ಬೆರಳು ಮೊದಲು ಹೋಗುವುದು ಬದನೆಕಾಯಿ ಕಡೆಗೆ. ಅದು ತಪ್ಪು. ಬದನೆ ಬಿಟಿ ಅಲ್ಲ. ಸಜ್ಜೆ, ಜೋಳ, ಕಡಲೆ, ತೊಗರಿ, ಶೇಂಗಾ ಇವು ಯಾವುವೂ ಅಲ್ಲ. ಬುತ್ತಿಯಲ್ಲಿ ಬಿಟಿಯ ನಂಟು ಇದ್ದರೆ ಅದು ಯಾರೂ ಅನುಮಾನ ಪಡದ ಎರಡು ಕಡೆ ಇರುತ್ತದೆ. ಒಂದು, ಒಗ್ಗರಣೆ ಹಾಕಿದ ಎಣ್ಣೆ. ಇನ್ನೊಂದು, ಮೊಸರು ಕೊಟ್ಟ ಎಮ್ಮೆ ತಿಂದ ಹಿಂಡಿ.

ಕುಲಾಂತರಿ ಆಹಾರ ಬರಬೇಕೋ ಬೇಡವೋ ಎಂಬ ಚರ್ಚೆ ದಿಲ್ಲಿ, ಬೆಂಗಳೂರು, ಪುಣೆಗಳಲ್ಲಿ ಎರಡು ದಶಕಗಳಿಂದ ನಡೆದೇ ಇದೆ. ಸೊಲ್ಲಾಪುರ, ಅಕ್ಕಲಕೋಟ ಕಡೆಯ ಕನ್ನಡ ಮನೆಗಳಲ್ಲಿ ಅದು ಬೇರೆಯವರ ಮನಿ ಜಗಳದಂತೆ ಕೇಳಿಸುತ್ತದೆ. 'ನಮ್ಮಲ್ಲಿ ಹತ್ತಿ ಎಲ್ಲಿ ಐತ್ರಿ' ಎಂಬ ಮಾತು ಸುಳ್ಳೂ ಅಲ್ಲ. ಇಲ್ಲಿಯ ಪೈರು ತೊಗರಿ, ಉದ್ದು, ಸೋಯಾ, ಹಿಂಗಾರಿ ಜೋಳ, ಕಡಲೆ, ನೀರಿದ್ದಲ್ಲಿ ಕಬ್ಬು. ಆದರೆ ಈ ತೊಗರಿಗೂ ಆ ಹತ್ತಿಗೂ ನಂಟಿದೆ. ಆ ನಂಟು ಒಂದು ಹುಳದ್ದು.

ಎಲ್ಲದಕ್ಕೂ ಬಿಟಿ ಹೆಸರು

ಕನ್ನಡ ಪತ್ರಿಕೆಗಳು 'ಕುಲಾಂತರಿ' ಎನ್ನುತ್ತವೆ. ಮರಾಠಿ ಪತ್ರಿಕೆಗಳು 'ಜನುಕೀಯ ಸುಧಾರಿತ' ಎನ್ನುತ್ತವೆ. ಪೇಟೆಯಲ್ಲಿ ಎರಡೂ ನಡೆಯುವುದಿಲ್ಲ, ಅಲ್ಲಿ 'ಬಿಟಿ' ಒಂದೇ ಮಾತು. ದಪ್ಪ ಟೊಮ್ಯಾಟೊ ಬಿಟಿ, ಬೀಜವಿಲ್ಲದ ದ್ರಾಕ್ಷಿ ಬಿಟಿ, ಬೇಗ ಬರುವ ಬೆಂಡಿ ಬಿಟಿ! ಇವೆಲ್ಲ ಹೈಬ್ರಿಡ್ ಇಲ್ಲವೇ ಸುಧಾರಿತ ತಳಿಗಳು. ಇಂದಿಗೂ ದೇಶದಲ್ಲಿ ರೈತರು ಕಾನೂನು ಪ್ರಕಾರ ವ್ಯಾಪಾರಕ್ಕಾಗಿ ಬಿತ್ತಬಹುದಾದ ಕುಲಾಂತರಿ ಬೆಳೆ ಹತ್ತಿ ಮಾತ್ರ.

ವ್ಯತ್ಯಾಸ ತಿಳಿಯಲು ದೂರ ಹೋಗಬೇಕಿಲ್ಲ, ಮಾಲದಂಡಿ ಜೋಳ ಸಾಕು. ಸೊಲ್ಲಾಪುರ ಜಿಲ್ಲೆಯ ಮೊಹೋಳದ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಲ್ಲಿ ಸ್ಥಳೀಯ ಮಾಲದಂಡಿಯಿಂದಲೇ ಒಳ್ಳೆಯ ತೆನೆಗಳನ್ನು ಆಯ್ದು ಎಂ 35-1 ತಳಿ ತಂದರು. ವಿಜಯಪುರದಿಂದ ಮಂಗಳವೇಡೆವರೆಗೆ ರೊಟ್ಟಿಗೆ ಇಂದಿಗೂ ಅದೇ ಬೇಕು. ಅದು ಬರೀ ಆಯ್ಕೆ. ಎರಡು ತಳಿಗಳ ಪರಾಗ ಕೂಡಿಸಿದರೆ ಹೈಬ್ರಿಡ್. ಬೇರೆ ಜೀವಿಯ ವಂಶವಾಹಿಯನ್ನೇ ತಂದು ಗಿಡದೊಳಗೆ ಸೇರಿಸಿದರೆ ಕುಲಾಂತರಿ. ಹತ್ತಿಗೆ ಸೇರಿಸಿದ್ದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ್ದು. ಆ ಹೆಸರಿನ ಮೊದಲ ಅಕ್ಷರಗಳೇ ಬಿಟಿ. ಆ ಗಿಡ ತನ್ನ ಎಲೆ, ಹೂ, ಕಾಯಿಯಲ್ಲಿ ಒಂದು ಪ್ರೋಟೀನು ತಯಾರಿಸುತ್ತದೆ. ಕಾಯಿಕೊರಕ ಹುಳ ಅದನ್ನು ತಿಂದರೆ ಹೊಟ್ಟೆಯ ಒಳಪದರ ತೂತು ಬಿದ್ದು ಸಾಯುತ್ತದೆ.

ಎಣ್ಣಿ ಡಬ್ಬಿ, ಎಮ್ಮಿ ಬುಟ್ಟಿ

ದೇಶದ ಹತ್ತಿಯಲ್ಲಿ ಶೇ 90ಕ್ಕೂ ಹೆಚ್ಚು ಈಗ ಬಿಟಿ. ಅರಳೆ ಗಿರಣಿಗೆ ಹೋಗುತ್ತದೆ, ಉಳಿದ ಹತ್ತಿಕಾಳು ಗಾಣಕ್ಕೆ. ಅಲ್ಲಿಂದ ಸರಕಿ ಎಣ್ಣೆ ಬರುತ್ತದೆ, ಸರಕಿ ಪೇಂಡ ಬರುತ್ತದೆ. ಎಣ್ಣೆ ಫರಸಾಣ ಅಂಗಡಿ, ಹೋಟೆಲು, ಮಿಶ್ರ ಎಣ್ಣೆಯ ಡಬ್ಬಿ ಸೇರುತ್ತದೆ. ಪೇಂಡ ದನದ ಬುಟ್ಟಿಗೆ ಬರುತ್ತದೆ. ಹಾಲಿನ ಎಮ್ಮೆಗೆ ಹತ್ತಿಕಾಳು ನೆನೆಯಿಟ್ಟು ತಿನ್ನಿಸುವುದು ಇಲ್ಲಿ ಅಜ್ಜನ ಕಾಲದ ರೂಢಿ. ರೂಢಿ ಅದೇ ಇದೆ, ಕಾಳು ಬದಲಾಗಿದೆ.

ಇನ್ನೊಂದು ಡಬ್ಬಿ ಸೋಯಾ ರಿಫೈನ್ಡ್ ಎಣ್ಣೆಯದು. ಅರ್ಜೆಂಟಿನಾ, ಬ್ರೆಜಿಲ್‌ನಿಂದ ವರ್ಷಕ್ಕೆ ಲಕ್ಷಗಟ್ಟಲೆ ಟನ್ ಸೋಯಾ ಎಣ್ಣೆ ಈ ದೇಶಕ್ಕೆ ಬರುತ್ತದೆ. ಅಲ್ಲಿಯ ಸೋಯಾ ಬಹುತೇಕ ಕುಲಾಂತರಿ. ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2018ರಲ್ಲಿ ಅಂಗಡಿಗಳಿಂದ 65 ಆಹಾರ ಪದಾರ್ಥ ತಂದು ಪರೀಕ್ಷಿಸಿದಾಗ ಶೇ 32ರಲ್ಲಿ ಕುಲಾಂತರಿ ಅಂಶ ಸಿಕ್ಕಿತು. ಹೆಚ್ಚಿನವು ಹೊರದೇಶದ ಸರಕು. ಸ್ವದೇಶಿ ಸರಕಿನಲ್ಲಿ ಸಿಕ್ಕಿದ್ದು ಹತ್ತಿಕಾಳಿನ ಎಣ್ಣೆಯಲ್ಲಿ.

ಗಾಬರಿ ಬೀಳುವ ಮೊದಲು ಒಂದು ಮಾತು. ಶುದ್ಧೀಕರಿಸಿದ ಎಣ್ಣೆಯಲ್ಲಿ ಕೊಬ್ಬಿನ ಅಂಶವೇ ಎಲ್ಲ, ಪ್ರೋಟೀನು ಉಳಿಯುವುದಿಲ್ಲ ಎನ್ನುವಷ್ಟು ಕಡಿಮೆ. ಹಿಂಡಿಯಲ್ಲಿ ಪ್ರೋಟೀನು ಇರುತ್ತದೆ. ಆದರೆ ಅದು ಕೆಲಸ ಮಾಡಬೇಕಾದರೆ ಹುಳದ ಹೊಟ್ಟೆಯಂಥ ಕ್ಷಾರದ ಹೊಟ್ಟೆ ಬೇಕು, ಹಿಡಿದುಕೊಳ್ಳಲು ತಕ್ಕ ಕೊಂಡಿ ಬೇಕು. ಮನುಷ್ಯ, ದನದ ಜಠರದಲ್ಲಿ ಇರುವುದು ಆಮ್ಲ. ಅಲ್ಲಿ ಅದು ಉಳಿದ ಪ್ರೋಟೀನಿನಂತೆ ಜೀರ್ಣವಾಗುತ್ತದೆ. 2006ರಲ್ಲಿ ಆಂಧ್ರದ ವಾರಂಗಲ್ ಕಡೆ ಬಿಟಿ ಹತ್ತಿ ಹೊಲ ಮೇಯ್ದ ಕುರಿಗಳು ಸತ್ತವೆಂಬ ದೂರು ಬಂದಾಗ ದೊಡ್ಡ ಗದ್ದಲವಾಯಿತು. ಕೇಂದ್ರದ ಸಮಿತಿ ಬಿಟಿ ಪ್ರೋಟೀನಿಗೂ ಆ ಸಾವಿಗೂ ಸಂಬಂಧ ಕಾಣಲಿಲ್ಲ ಎಂದಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರಲ್ಲಿ ನೂರಾರು ಅಧ್ಯಯನ ತಿರುವಿ ಹಾಕಿ, ಪೇಟೆಯಲ್ಲಿರುವ ಕುಲಾಂತರಿ ಆಹಾರಕ್ಕೆ ಉಳಿದ ಆಹಾರಕ್ಕಿಂತ ಹೆಚ್ಚಿನ ಅಪಾಯವಿದೆ ಎನ್ನಲು ಆಧಾರ ಸಿಗಲಿಲ್ಲ ಎಂದು ಹೇಳಿದವು.

ಹಾಗಂತ ಪರೀಕ್ಷೆಯೇ ಬೇಡ ಎನ್ನುವಂತಿಲ್ಲ. ಸೋಯಾದ ಪೌಷ್ಟಿಕತೆ ಹೆಚ್ಚಿಸಲು ಬ್ರೆಜಿಲ್ ನಟ್ ಎಂಬ ಬೀಜದ ವಂಶವಾಹಿ ಸೇರಿಸಿದ್ದರು. ಆ ಬೀಜ ಕೆಲವರಿಗೆ ಅಲರ್ಜಿ. 1996ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಲರ್ಜಿ ಸೋಯಾಕ್ಕೂ ದಾಟಿದ್ದು ಗೊತ್ತಾಯಿತು. ಆ ಸೋಯಾ ಪೇಟೆಗೆ ಬರಲಿಲ್ಲ. ಒಂದು ಬೆಳೆ ಪಾಸಾದರೆ ಎಲ್ಲ ಬೆಳೆ ಪಾಸಾದಂತಲ್ಲ, ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು ಎಂದು ವಿಜ್ಞಾನಿಗಳು ಹೇಳುವುದು ಇದಕ್ಕೇ.

ತಿನ್ನುವವನಿಗೆ ಹೇಳಿ ಕೊಡಬೇಕು ಎಂಬ ನಿಯಮವೂ ಇದೆ. ಕುಲಾಂತರಿ ಪದಾರ್ಥದ ಪೊಟ್ಟಣದ ಮೇಲುಭಾಗದಲ್ಲಿ 'ಜಿಎಂ' ಎಂದು ಬರೆಯಬೇಕೆಂದು 2013ರ ಜನವರಿ 1ರಿಂದ ಕಾನೂನು ಬಂತು. ಸೊಲ್ಲಾಪುರದ ಕಿರಾಣಿ ಅಂಗಡಿಯಲ್ಲಿ ಎಷ್ಟು ಡಬ್ಬಿಗಳ ಮೇಲೆ ಆ ಎರಡಕ್ಷರ ಕಾಣುತ್ತದೆ ಎಂದು ಓದುಗರೇ ಹುಡುಕಿ ನೋಡಬಹುದು. ಊರ ಸಂತೆಯಲ್ಲಿ ಅಳೆದು ಹಾಕುವ ಖುಲ್ಲಾ ಎಣ್ಣೆಗೆ ಹೆಸರೂ ಇಲ್ಲ, ಚೀಟಿಯೂ ಇಲ್ಲ. ಒಂದು ಕಾಲಕ್ಕೆ ಈ ಭಾಗದ ಮನೆಗಳಲ್ಲಿ ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ಬಿಟ್ಟರೆ ಬೇರೆ ಇರಲಿಲ್ಲ. ಕುಸುಬಿಯ ಮುಳ್ಳಿಗೆ ಅಂಜಿ ಕೊಯ್ಲಿಗೆ ಆಳು ಬರುವುದು ನಿಂತಿತು, ಕುಸುಬಿ ಹೋಯಿತು, ಡಬ್ಬಿ ಬಂತು.

ಹತ್ತಿಯ ಇಪ್ಪತ್ತು ವರ್ಷ

2002ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಸಮಿತಿ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟಿತು. ಜಾಲನಾದ ಮಹಿಕೊ ಕಂಪನಿ ಅಮೆರಿಕದ ಮೊನ್ಸಾಂಟೊ ಜತೆ ಸೇರಿ ತಂದ ಮೂರು ಹೈಬ್ರಿಡ್‌ಗಳು ಮೊದಲು ಬಂದವು. 450 ಗ್ರಾಂ ಪೊಟ್ಟಣಕ್ಕೆ ಆಗಿನ ದರ ಸುಮಾರು 1,600 ರೂಪಾಯಿ. ಆಂಧ್ರ ಸರ್ಕಾರ ದೂರು ಕೊಟ್ಟ ಮೇಲೆ 2006ರಲ್ಲಿ 750ಕ್ಕೆ ಇಳಿಯಿತು. 2016ರಿಂದ ಕೇಂದ್ರವೇ ಗರಿಷ್ಠ ದರ ನಿಗದಿ ಮಾಡುತ್ತದೆ. 2025-26ಕ್ಕೆ ಬೋಲ್‌ಗಾರ್ಡ್-2 ಪೊಟ್ಟಣಕ್ಕೆ 901 ರೂಪಾಯಿ.

ಮೊದಲ ಕೆಲವು ವರ್ಷ ಲಾಭ ಆಯಿತು, ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಕಾಯಿಕೊರಕಕ್ಕೆ ಹೊಡೆಯುವ ಔಷಧ ಕಡಿಮೆಯಾಯಿತು. 2001-02ರಲ್ಲಿ ಹೆಕ್ಟೇರಿಗೆ 300 ಕಿಲೋ ಆಸುಪಾಸು ಇದ್ದ ದೇಶದ ಅರಳೆ ಇಳುವರಿ 2007-08ಕ್ಕೆ 550ರ ಹತ್ತಿರ ಹೋಯಿತು. ಇದರಲ್ಲಿ ಬಿಟಿಯ ಪಾಲೆಷ್ಟು, ಗುಜರಾತಿನ ಹೊಸ ನೀರಾವರಿಯ ಪಾಲೆಷ್ಟು, ಗೊಬ್ಬರದ ಪಾಲೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಆ ಮೇಲೆ ಇಳುವರಿ ಇಳಿದು 450ರ ಸುತ್ತ ನಿಂತಿತು.

ಇಳಿಯಲು ಒಂದು ದೊಡ್ಡ ಕಾರಣ ಗುಲಾಬಿ ಕಾಯಿಕೊರಕ. ಮರಾಠಿಯಲ್ಲಿ ಗುಲಾಬಿ ಬೋಂಡ ಅಳಿ. ಗುಜರಾತಿನಲ್ಲಿ ಈ ಹುಳ ಮೊದಲ ಬಿಟಿ ಪ್ರೋಟೀನನ್ನು ಜೀರ್ಣಿಸಿಕೊಂಡಿದೆ ಎಂದು 2010ರಲ್ಲಿ ಕಂಪನಿಯೇ ಒಪ್ಪಿತು. ಎರಡು ಪ್ರೋಟೀನಿನ ಬೋಲ್‌ಗಾರ್ಡ್-2 ಕೂಡ ಕೆಲವೇ ವರ್ಷಗಳಲ್ಲಿ ಸೋತಿತು. 2017ರಲ್ಲಿ ವಿದರ್ಭ, ಮರಾಠವಾಡದ ಹತ್ತಿ ಹೊಲಗಳು ಹಾಳಾದವು. ಅದೇ ವರ್ಷ ಯವತಮಾಳ ಜಿಲ್ಲೆಯಲ್ಲಿ ಔಷಧ ಹೊಡೆಯುವಾಗ ವಿಷವೇರಿ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ಔಷಧ ಕಡಿಮೆ ಮಾಡಲು ಬಂದ ಬೀಜದ ಹೊಲದಲ್ಲೇ ಈ ಸಾವು ಆದದ್ದು.

ಹುಳ ಗೆದ್ದದ್ದು ಹೇಗೆ? ಉತ್ತರ ಪ್ರತಿ ಪೊಟ್ಟಣದಲ್ಲೇ ಇತ್ತು. ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಹತ್ತಿ ಬೀಜದ ಸಣ್ಣ ಚೀಲ ಕೊಡುತ್ತಿದ್ದರು. ಹೊಲದ ಸುತ್ತ ಐದು ಸಾಲು, ಇಲ್ಲವೇ ಶೇ 20 ಜಾಗ, ಯಾವುದು ಹೆಚ್ಚೋ ಅಷ್ಟು ಸಾದಾ ಹತ್ತಿ ಬಿತ್ತಬೇಕು ಎಂಬುದು ನಿಯಮ. ಅದರಲ್ಲಿ ಹುಳ ಬೆಳೆಯಲಿ ಎಂದೇ ಬಿತ್ತುವುದು! ವಿಷಕ್ಕೆ ಜಗ್ಗದ ಒಂದೆರಡು ಪತಂಗ ಹುಟ್ಟಿದರೂ ಅವು ಸಾದಾ ಪತಂಗಗಳ ಜೊತೆ ಕೂಡುತ್ತವೆ, ಮರಿಗಳು ಮತ್ತೆ ವಿಷಕ್ಕೆ ಬಲಿಯಾಗುತ್ತವೆ. ಆದರೆ ಎರಡು ಎಕರೆ ಹೊಲದವ ಹುಳಕ್ಕೆ ಐದು ಸಾಲು ಯಾಕೆ ಬಿಟ್ಟಾನು? ಚೀಲ ಬದುವಿಗೆ ಬಿತ್ತು. ಅಂಗಡಿಯವರೂ ಹೇಳಲಿಲ್ಲ, ಕಂಪನಿಯೂ ಬೆನ್ನು ಹತ್ತಲಿಲ್ಲ, ಸರ್ಕಾರವೂ ಕೇಳಲಿಲ್ಲ. ಜತೆಗೆ ನೀರಿದ್ದವರು ಹತ್ತಿಯನ್ನು ಫೆಬ್ರುವರಿ, ಮಾರ್ಚ್ ತನಕ ಹೊಲದಲ್ಲೇ ಬಿಟ್ಟರು; ಹುಳಕ್ಕೆ ವರ್ಷವಿಡೀ ಊಟ ಸಿಕ್ಕಿತು.

ಹುಳಕ್ಕೆ ತವರು ತೊಗರಿ

ಇಲ್ಲಿಂದ ಮುಂದಿನ ಸಂಗತಿ ದುಧನಿ, ಮೈಂದರ್ಗಿ, ಆಚೆಯ ಅಫಜಲಪುರ, ಆಳಂದದ ತೊಗರಿ ರೈತರಿಗೆ ನೇರ ಸಂಬಂಧಿಸಿದ್ದು.

ಹತ್ತಿಯಲ್ಲಿ ಎರಡು ಮುಖ್ಯ ಕಾಯಿಕೊರಕ. ಗುಲಾಬಿ ಹುಳಕ್ಕೆ ಹತ್ತಿಯೇ ಬಹುಪಾಲು ಊಟ. ಇನ್ನೊಂದು ಹಸಿರು ಕಾಯಿಕೊರಕ, ಶಾಸ್ತ್ರೀಯ ಹೆಸರು ಹೆಲಿಕೊವರ್ಪ. ಅದು ಹತ್ತಿ ತಿನ್ನುತ್ತದೆ, ತೊಗರಿ ತಿನ್ನುತ್ತದೆ, ಕಡಲೆ, ಸೂರ್ಯಕಾಂತಿ, ಟೊಮ್ಯಾಟೊ ಏನೂ ಬಿಡುವುದಿಲ್ಲ. ಕಡಲೆಯಲ್ಲಿ ಇದನ್ನೇ ಮರಾಠಿಯವರು ಘಾಟೆ ಅಳಿ ಅನ್ನುತ್ತಾರೆ. 1997-98ರಲ್ಲಿ ಕಲಬುರಗಿ, ಬೀದರ ಕಡೆ ತೊಗರಿ ನೆಲ ಕಚ್ಚಿ ರೈತರು ಜೀವ ಕಳೆದುಕೊಂಡ ಕಾಲದ ಖಳನಾಯಕ ಇದೇ ಹುಳ.

ವಿಚಿತ್ರ ನೋಡಿ, ಹತ್ತಿಯಲ್ಲಿ ಬಿಟಿಗೆ ಮೊದಲು ಜಗ್ಗದೆ ನಿಂತದ್ದು ಗುಲಾಬಿ ಹುಳ. ಎಲ್ಲವನ್ನೂ ತಿನ್ನುವ ಹಸಿರು ಹುಳದ ಹತೋಟಿ ಬಹಳ ವರ್ಷ ಉಳಿಯಿತು. ವಿಜ್ಞಾನಿಗಳು ಕೊಡುವ ಮುಖ್ಯ ಕಾರಣ ಸರಳ. ಗುಲಾಬಿ ಹುಳಕ್ಕೆ ಬಿಟಿ ಹತ್ತಿ ಬಿಟ್ಟರೆ ಬೇರೆ ನೆಲೆ ಇರಲಿಲ್ಲ, ಆದ್ದರಿಂದ ಬದುಕಿದ್ದೆಲ್ಲ ಗಟ್ಟಿ ಹುಳವೇ. ಹಸಿರು ಹುಳಕ್ಕೆ ಪಕ್ಕದ ಹೊಲದಲ್ಲಿ ತೊಗರಿ ಇತ್ತು, ಹಿಂಗಾರಿಗೆ ಕಡಲೆ ಇತ್ತು. ಅಲ್ಲಿ ಸಾದಾ ಹುಳ ಬೆಳೆದು ಗಟ್ಟಿ ಹುಳದ ಸಂಖ್ಯೆ ಏರದಂತೆ ನೋಡಿಕೊಂಡವು. ಯಾರೂ ಬಿತ್ತದ ಆ 120 ಗ್ರಾಂ ಚೀಲದ ಕೆಲಸವನ್ನು ತೊಗರಿ ರೈತರು ತಮ್ಮ ಕಾಳು ಕಳೆದುಕೊಂಡು ಮಾಡಿದರು. ಮುಂದೆ ಕೆಲವು ಕಂಪನಿಗಳು ಪೊಟ್ಟಣದಲ್ಲಿ ಸಾದಾ ಹತ್ತಿಯ ಬದಲು ತೊಗರಿ ಬೀಜವನ್ನೇ ಇಟ್ಟದ್ದೂ ಉಂಟು. ಹಸಿರು ಹುಳಕ್ಕೆ ಅದು ಸರಿ. ತೊಗರಿ ಮುಟ್ಟದ ಗುಲಾಬಿ ಹುಳಕ್ಕೆ ಅದರಿಂದ ಏನು?

ಈಗ ತೊಗರಿಗೂ ಬಿಟಿ ಸೇರಿಸಬೇಕೆಂಬ ಸಂಶೋಧನೆ ಬಹಳ ವರ್ಷಗಳಿಂದ ನಡೆದಿದೆ. ಕಡಲೆಯಲ್ಲೂ ನಡೆದಿದೆ. ಬಿತ್ತನೆಗೆ ಒಪ್ಪಿಗೆ ಪಡೆದ ತಳಿ ಇನ್ನೂ ಇಲ್ಲ. ಬಂದರೆ ಲಾಭ ಸಣ್ಣದಲ್ಲ. ತೊಗರಿ ಗಿಡ ಆಳೆತ್ತರ ಬೆಳೆಯುತ್ತದೆ. ಹೂ, ಕಾಯಿ ಇರುವುದು ಮೇಲೆ. ಬೆನ್ನಿಗೆ ಪಂಪ್ ಕಟ್ಟಿಕೊಂಡು ತಲೆಯ ಮಟ್ಟಕ್ಕೆ ಔಷಧ ಹೊಡೆದರೆ ಅರ್ಧ ಹುಳಕ್ಕೆ, ಅರ್ಧ ಮೋರೆಗೆ. ಮಾಸ್ಕ್ ಹಾಕಿಕೊಂಡು ಹೊಡೆಯುವವರು ಎಷ್ಟು ಮಂದಿ ಎಂದು ಕೇಳುವುದೇ ಬೇಡ. ಎರಡು ಮೂರು ಫವಾರಣಿ ತಪ್ಪಿದರೂ ದುಡ್ಡು ಉಳಿಯಿತು, ಆಯುಷ್ಯವೂ ಉಳಿಯಿತು.

ತೊಂದರೆ ಏನು? ಹತ್ತಿಯೂ ಬಿಟಿ, ತೊಗರಿಯೂ ಬಿಟಿ, ಕಡಲೆಯೂ ಬಿಟಿ ಆದರೆ ಹಸಿರು ಹುಳಕ್ಕೆ ಸಾದಾ ನೆಲೆ ಎಲ್ಲಿ ಉಳಿಯಿತು? ಗುಲಾಬಿ ಹುಳದ ಕಥೆಯೇ ಪುನಃ ನಡೆಯಬಹುದು, ಈ ಸಲ ಬೇಳೆಯಲ್ಲಿ. ಆಗ ಮತ್ತೆ ಐದು ಸಾಲಿನ ಲೆಕ್ಕ ಬರುತ್ತದೆ.

ಇನ್ನೊಂದು ಸಂಗತಿ ಬೀಜದ್ದು. ಹತ್ತಿ ಹೈಬ್ರಿಡ್ ಬೀಜ ಪ್ರತಿ ವರ್ಷ ಕೊಳ್ಳಲೇಬೇಕು. ತೊಗರಿ ಹಾಗಲ್ಲ. ಬದನಾಪುರದ ಬಿಡಿಎನ್ 711 ಇರಲಿ, ಕಲಬುರಗಿಯ ತಳಿ ಇರಲಿ, ಒಮ್ಮೆ ತಂದರೆ ಒಳ್ಳೆ ಕಾಳು ಆರಿಸಿ, ಬೂದಿ, ಬೇವಿನ ಸೊಪ್ಪು ಹಾಕಿ ಮುಂದಿನ ಮಿರಗಕ್ಕೆ ಇಟ್ಟುಕೊಳ್ಳಬಹುದು. ಬೀಜ ಉಳಿಸಿಕೊಳ್ಳುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು 2001ರ ಕೇಂದ್ರ ಕಾನೂನು ರೈತರಿಗೆ ಕೊಟ್ಟಿದೆ. ಆದರೆ ತೊಗರಿ ಹೂವಿಗೆ ಜೇನ್ನೊಣ ಬರುತ್ತದೆ, ಪರಾಗ ಹೊಲದಿಂದ ಹೊಲಕ್ಕೆ ಹೋಗುತ್ತದೆ. ಒಬ್ಬ ಬಿಟಿ ಬಿತ್ತಿದರೆ ಬದುವಿನಾಚೆಯವ ಮನೆಯಲ್ಲಿಟ್ಟ ಬೀಜಕ್ಕೂ ಅದು ಸ್ವಲ್ಪ ಸೇರಿಕೊಳ್ಳಬಹುದು. ಬೇಡ ಎಂದವನ ಬೇಡಕ್ಕೆ ಬೆಲೆ ಇಲ್ಲದಂತಾಗುತ್ತದೆ. ತೊಗರಿ ಹುಟ್ಟಿದ ನೆಲವೇ ಭಾರತ ಎಂಬುದರಿಂದ ಈ ಪ್ರಶ್ನೆ ಇನ್ನಷ್ಟು ಗಟ್ಟಿ.

ಹುಳಕ್ಕೆ ಬೇರೆ ಉಪಾಯವೂ ಈ ಭಾಗದ್ದೇ ಇದೆ. ಗಿಡದ ಕೆಳಗೆ ಚಾದರ ಹಾಸಿ ತೊಗರಿ ಗಿಡ ಅಲುಗಿಸಿ ಹುಳ ಬೀಳಿಸುವುದು ಕಲಬುರಗಿ ರೈತರ ಹಳೆಯ ಪದ್ಧತಿ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯವರೂ ಅದನ್ನು ಮೆಚ್ಚಿ ಪ್ರಚಾರ ಮಾಡಿದರು. ಬೇವಿನ ಬೀಜದ ಕಷಾಯ (ಆಚೆಯವರಿಗೆ ನಿಂಬೋಳಿ ಅರ್ಕ), ಮೋಹಕ ಬಲೆ (ಕಾಮಗಂಧ ಸಾಪಳಾ), ಹುಳಕ್ಕೇ ರೋಗ ತರುವ ಎನ್‌ಪಿವಿ ದ್ರಾವಣ, ಹಕ್ಕಿ ಕೂರಲು ನೆಟ್ಟ ಕೋಲು, ಇವೂ ಕೆಲಸ ಮಾಡುತ್ತವೆ. ಆಳಿನ ಕೂಲಿ ನೋಡಿ ಗಿಡ ಅಲುಗಿಸುವುದನ್ನು ಬಿಟ್ಟವರೇ ಹೆಚ್ಚು ಎಂಬುದೂ ಅಷ್ಟೇ ನಿಜ.

ಕುಡಚಿ ಬದನೆ, ಮಂಜರಿ ಗೋಟಾ

ಬುತ್ತಿಯ ಎಣಗಾಯಿಗೆ ಬಿಟಿ ಬರುವುದು ಸ್ವಲ್ಪದರಲ್ಲಿ ತಪ್ಪಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮಹಿಕೊದ ವಂಶವಾಹಿಯನ್ನು ನಮ್ಮ ನಾಡಿನ ತಳಿಗಳಿಗೇ ಸೇರಿಸುವ ಕೆಲಸ ಮಾಡಿತ್ತು. ಮಲಾಪುರ, ಕುಡಚಿ, ರಬಕವಿ, ಉಡುಪಿ ಗುಳ್ಳ, ಜತೆಗೆ ಸೊಲ್ಲಾಪುರ ಪೇಟೆಯವರಿಗೆ ಪರಿಚಯದ ಮಂಜರಿ ಗೋಟಾ. ಹೈಬ್ರಿಡ್ ಅಲ್ಲದ ಕಾರಣ ರೈತರು ಬೀಜ ಉಳಿಸಿಕೊಳ್ಳಬಹುದು ಎಂಬುದು ಅದರ ಲಾಭ. ಊರ ತಳಿಗಳನ್ನು ಅನುಮತಿ ಇಲ್ಲದೆ ಬಳಸಿದರು ಎಂದು ಮುಂದೆ ಕೇಸೂ ಆಯಿತು.

2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಸಮಿತಿ ಬಿಟಿ ಬದನೆಗೆ ಹಸಿರು ನಿಶಾನೆ ತೋರಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಸಭೆ ನಡೆಸಿ, 2010ರ ಫೆಬ್ರುವರಿ 9ರಂದು ತಡೆ ಹಾಕಿದರು. ಅದು ಇಂದಿಗೂ ತೆರವಾಗಿಲ್ಲ. ನೆರೆಯ ಬಾಂಗ್ಲಾದೇಶ 2014ರಿಂದ ಅದೇ ಬಿಟಿ ಬದನೆ ಬೆಳೆಯುತ್ತಿದೆ, ಅಲ್ಲಿ ಔಷಧ ಸಿಂಪಡಣೆ ಕಡಿಮೆಯಾದ ವರದಿಗಳಿವೆ. ಇತ್ತ ಸಂತೆಯಲ್ಲಿ ಹೊಳೆಯುವ ಬದನೆ ಎಷ್ಟು ಸಲ ಔಷಧ ಕಂಡಿದೆ ಎಂದು ಕೊಳ್ಳುವವರು ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ.

ಸಾಸಿವೆಯ ಕೇಸು ಸುಪ್ರೀಂ ಕೋರ್ಟಿನಲ್ಲಿ 2024ರ ಜುಲೈಯಲ್ಲಿ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪಿಗೆ ಬಂತು. 2025ರ ಮೇಯಲ್ಲಿ ಪ್ರಕಟಿಸಿದ ಎರಡು ಭತ್ತದ ತಳಿಗಳು ಬೇರೆ ಜಾತಿಯವು. ಹೊರಗಿನ ವಂಶವಾಹಿ ಉಳಿಸದೆ ಗಿಡದ್ದನ್ನೇ ತಿದ್ದಿದ್ದು. ಅವಕ್ಕೆ ಕುಲಾಂತರಿ ನಿಯಮಗಳಿಂದ 2022ರಲ್ಲೇ ವಿನಾಯಿತಿ ಸಿಕ್ಕಿದೆ.

ಬಿತ್ತದೆ ತಗುಲಿದ ಪೆಟ್ಟು

ಕುಲಾಂತರಿ ಬಿತ್ತದ ರೈತನಿಗೂ ಅದರ ಬಿಸಿ ತಾಗುತ್ತದೆ ಎಂಬುದಕ್ಕೆ ಸೋಯಾ ಸಾಕ್ಷಿ. 2021ರ ಆಗಸ್ಟ್‌ನಲ್ಲಿ ಸೋಯಾ ದರ ಕ್ವಿಂಟಲಿಗೆ 10 ಸಾವಿರದ ಆಸುಪಾಸು ಏರಿತ್ತು. ಕೋಳಿ ಸಾಕುವವರು ಮೇವು ತುಟ್ಟಿಯಾಯಿತು ಎಂದು ಮೊರೆಯಿಟ್ಟರು. ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಿಸಲು ಒಪ್ಪಿತು. ಹೊಸ ಸುಗ್ಗಿಯೂ ಅದೇ ಹೊತ್ತಿಗೆ ಬಂತು. ಕೆಲವೇ ವಾರಗಳಲ್ಲಿ ದರ ನೆಲಕ್ಕೆ ಬಂತು. ಬೆಳೆಯಲು ಬೇಡವಾದ ಸೋಯಾ ಕೋಳಿಗೆ ಹಾಕಲು ಹೇಗೆ ಚಲೋ ಆಯಿತು ಎಂದು ರೈತ ಸಂಘಟನೆಗಳು ಕೇಳಿದ್ದರಲ್ಲಿ ತಪ್ಪೇನಿಲ್ಲ.

ಹತ್ತಿ ಬಿತ್ತುವ ಗಡಿ ರೈತರು ಗಮನಿಸಬೇಕಾದ್ದು ಇನ್ನೊಂದಿದೆ. ಕಳೆನಾಶಕಕ್ಕೆ ಜಗ್ಗದ 'ಎಚ್‌ಟಿಬಿಟಿ' ಹತ್ತಿ ಬೀಜ ಕೈಯಿಂದ ಕೈಗೆ ಬರುತ್ತದೆ. 2019ರ ಜೂನ್‌ನಲ್ಲಿ ಅಕೋಲಾ ಜಿಲ್ಲೆಯಲ್ಲಿ ಶೇತಕರಿ ಸಂಘಟನೆಯವರು ಅದನ್ನು ಬಹಿರಂಗವಾಗಿಯೇ ಬಿತ್ತಿ ಸರ್ಕಾರಕ್ಕೆ ಸವಾಲು ಹಾಕಿದರು. ಕಳೆ ತೆಗೆಯುವ ಕೂಲಿ ಉಳಿಯುತ್ತದೆ ಎಂಬ ಅವರ ವಾದ ಸುಳ್ಳಲ್ಲ. ಆದರೆ ಒಪ್ಪಿಗೆ ಇಲ್ಲದ ಆ ಬೀಜಕ್ಕೆ ಬಿಲ್ ಇಲ್ಲ. ಮೊಳಕೆ ಬರದಿದ್ದರೆ, ಹುಳ ಬಿದ್ದರೆ ದೂರು ಕೊಡುವುದು ಯಾರಿಗೆ, ಏನು ತೋರಿಸಿ? ಬಿಲ್, ಖಾಲಿ ಪೊಟ್ಟಣ, ಚಿಮಟಿ ಬೀಜ ಇವಿಷ್ಟನ್ನು ಸುಗ್ಗಿ ಮುಗಿಯುವ ತನಕ ಇಟ್ಟುಕೊಳ್ಳಬೇಕು.

ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2024ರಲ್ಲಿ ಒಮ್ಮತದಿಂದ ಹೇಳಿದ ಮಾತು ಒಂದಿದೆ. ಕುಲಾಂತರಿ ಬೆಳೆಗಳ ಬಗ್ಗೆ ರಾಷ್ಟ್ರೀಯ ನೀತಿ ರೂಪಿಸಬೇಕು, ರೈತರು ಸೇರಿದಂತೆ ಸಂಬಂಧಪಟ್ಟವರನ್ನೆಲ್ಲ ಕೇಳಬೇಕು. 2010ರಲ್ಲಿ ಬದನೆಗಾಗಿ ಸಭೆ ನಡೆದಾಗ ಮಹಾರಾಷ್ಟ್ರದ್ದು ನಾಗಪುರದಲ್ಲಿ, ಕರ್ನಾಟಕದ್ದು ಬೆಂಗಳೂರಿನಲ್ಲಿ. ಅಕ್ಕಲಕೋಟದವರಿಗೆ ಎರಡೂ ಒಂದು ರಾತ್ರಿಯ ಪ್ರಯಾಣ. ತೊಗರಿಯ ಪಾಳಿ ಬಂದಾಗ ಒಂದು ಸಭೆ ಸೊಲ್ಲಾಪುರದಲ್ಲೋ ಕಲಬುರಗಿಯಲ್ಲೋ ಆಗಬೇಕು, ಮರಾಠಿಯ ಜೊತೆ ಕನ್ನಡದಲ್ಲೂ ಆಗಬೇಕು ಎಂದು ಈಗಿನಿಂದಲೇ ಕೇಳಿಡಬಹುದು. ಅದೂ ತೊಗರಿ ಹೂವಿಗೆ ಬರುವ ಮುಂಚೆ ಆದರೆ ಚಲೋ, ಹೂವು ಬಂದ ಮೇಲೆ ಹೊಲ ಬಿಟ್ಟು ಯಾರೂ ಬರುವುದಿಲ್ಲ.